ಇಂದಿನ ಧಮ್ಮ ಚಿಂತನೆ: ಎರಡನೆಯ ಬಾಣ



ನನಗೆ ಸಕ್ಕರೆ ಕಾಯಿಲೆ ಇದೆಯೆಂದು ಗೊತ್ತಾಗಿ ಏಳು ವರ್ಷವಾಯಿತು. ಮೊದಲೆರಡು ವರ್ಷ ಮನೆಯವರನ್ನು ಬಿಟ್ಟು ಯಾರಿಗೂ ಹೇಳಲಿಲ್ಲ. ಸ್ಟಾಫ್ ರೂಮಿನಲ್ಲಿ ಸ್ವೀಟ್ ಕೊಟ್ಟರೆ ಸುಮ್ಮನೆ ತಿಂದು, ರಾತ್ರಿಯೆಲ್ಲ ನನ್ನನ್ನೇ ಬೈದುಕೊಳ್ಳುತ್ತಿದ್ದೆ. ಸಂಬಂಧಿಕರೊಬ್ಬರು "ಹಿಂದಿನ ಜನ್ಮದ್ದು, ಅನುಭವಿಸಲೇಬೇಕು" ಅಂದರು. ದೀಕ್ಷೆ ತೆಗೆದುಕೊಂಡವನಾದರೂ ಆ ಮಾತು ಒಳಗೆಲ್ಲೋ ನಾಟಿತು. ನಮ್ಮ ತಾತ ಮುತ್ತಾತಂದಿರನ್ನು ಊರಾಚೆ ಇಟ್ಟದ್ದೂ ಇದೇ ಮಾತಲ್ಲವೇ?

ಸಂಯುತ್ತ ನಿಕಾಯದಲ್ಲಿ ಸೀವಕನೆಂಬ ಪರಿವ್ರಾಜಕ ಇದನ್ನೇ ಕೇಳುತ್ತಾನೆ: ಮನುಷ್ಯನ ಸುಖದುಃಖವೆಲ್ಲ ಹಿಂದೆ ಮಾಡಿದ್ದರ ಫಲ ಎನ್ನುತ್ತಾರಲ್ಲ, ನಿಜವೇ? ಭಗವಾನರು ಒಪ್ಪುವುದಿಲ್ಲ. ಪಿತ್ತ, ಕಫ, ವಾತ, ಋತು ಬದಲಾಗುವುದು, ದೇಹವನ್ನು ಸರಿಯಾಗಿ ನೋಡಿಕೊಳ್ಳದಿರುವುದು, ಪೆಟ್ಟು ಬೀಳುವುದು, ಹೀಗೆ ನೋವಿಗೆ ಕಾರಣ ಹಲವು. ಕರ್ಮಫಲ ಅವುಗಳಲ್ಲಿ ಒಂದು, ಅಷ್ಟೆ. ಬಾಬಾಸಾಹೇಬರಂತೂ 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಹಿಂದಿನ ಜನ್ಮದ ಕರ್ಮ ಈ ಜನ್ಮಕ್ಕೆ ಅಂಟಿ ಬರುತ್ತದೆಂಬುದನ್ನೇ ತಿರಸ್ಕರಿಸಿದರು. ಆ ಪುಸ್ತಕ ಬರೆಯುವಾಗ ಅವರಿಗೂ ಸಕ್ಕರೆ ಕಾಯಿಲೆ ಇತ್ತು. ಕಾಲುನೋವು, ಮಂಜಾಗುತ್ತಿದ್ದ ಕಣ್ಣು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ದೀಕ್ಷೆ, ಡಿಸೆಂಬರ್ 6ರಂದು ಪರಿನಿಬ್ಬಾಣ; ಪುಸ್ತಕ ಅಚ್ಚಾಗಿ ಬಂದದ್ದು 1957ರಲ್ಲಿ. ಕಾಯಿಲೆ ಅವರನ್ನು ದೊಡ್ಡವರನ್ನಾಗಿಸಿತು ಎನ್ನಲಾರೆ. ಅದು ಅವರ ದೇಹವನ್ನು ಸವೆಸಿತು, ಬರೆದವರು ಅವರು.

ಅದೇ ನಿಕಾಯದ ಸಲ್ಲ ಸುತ್ತದಲ್ಲಿ ಎರಡು ಬಾಣಗಳ ಹೋಲಿಕೆ ಬರುತ್ತದೆ. ದೇಹದ ನೋವು ಮೊದಲನೆಯದು, ಅದನ್ನು ನೆನೆದು ಮನಸ್ಸು ಗೋಳಾಡುವುದು ಎರಡನೆಯದು. ನನ್ನ ಎರಡನೆಯ ಬಾಣ ನಾಚಿಕೆ. ಅದು ಕಿತ್ತು ಬಂದದ್ದು ಒಂಬತ್ತನೇ ತರಗತಿಯಲ್ಲಿ.

ಅಂದು ಮಾತ್ರೆ ನುಂಗಿ ತಿಂಡಿ ಬಿಟ್ಟಿದ್ದೆ. ಪದ್ಯ ಓದುತ್ತಿದ್ದಂತೆ ಕೈ ನಡುಗಿತು, ಬೆವರು ಕಿತ್ತುಕೊಂಡಿತು, ಸಾಲು ಕಾಣಲಿಲ್ಲ. ಕಾರಣವಿಲ್ಲದೆ ಒಬ್ಬ ಹುಡುಗನಿಗೆ ಬೈದೆ. ಕೊನೆಗೆ ಕುರ್ಚಿಯಲ್ಲಿ ಕುಸಿದು, "ಮಕ್ಕಳೇ, ನನಗೆ ಶುಗರ್ ಇದೆ, ಈಗ ತೀರಾ ಇಳಿದಿದೆ, ಯಾರ ಹತ್ತಿರವಾದರೂ ಸಿಹಿ ಇದೆಯಾ?" ಎಂದು ಕೇಳಬೇಕಾಯಿತು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಓಡಿಬಂದು ಪೆಪ್ಪರ್‌ಮಿಂಟ್ ಕೊಟ್ಟಳು.

ಬೆಳಗ್ಗೆ ಏನೂ ತಿನ್ನದೆ ಬಂದು, ಮೊದಲ ಪೀರಿಯಡ್‌ನಲ್ಲಿ ಮಂಕಾಗಿ ಕೂರುವ ಮಕ್ಕಳನ್ನು ಸೋಮಾರಿಗಳೆಂದು ನಾನು ಎಷ್ಟು ವರ್ಷ ಎಬ್ಬಿಸಿ ನಿಲ್ಲಿಸಿದ್ದೇನೋ! ಈಗ ಹಾಜರಿ ಕರೆಯುವ ಮುಂಚೆ "ತಿಂಡಿ ಆಯಿತೇನ್ರೋ?" ಎಂದು ಕೇಳುತ್ತೇನೆ. ಮೇಜಿನ ಖಾನೆಯಲ್ಲಿ ಬಿಸ್ಕತ್ತು ಇರುತ್ತದೆ, ನನಗೂ ಅವರಿಗೂ.

(ಧ್ಯಾನ ಮಾಡಿದರೆ ಶುಗರ್ ಹೋಗುತ್ತದೆ, ಮಾತ್ರೆ ಬಿಡಿ ಎನ್ನುವ ಮೆಸೇಜುಗಳನ್ನು ದಯವಿಟ್ಟು ಈ ಗುಂಪಿಗೆ ಹಾಕಬೇಡಿ.)

ಭಾನುವಾರ ವಿಹಾರದಲ್ಲಿ ಖೀರಿನ ಜೊತೆ ಕಡಲೆಕಾಳು ಉಸಲಿಯನ್ನೂ ಮಾಡೋಣ ಎಂದು ತಾಯಂದಿರಲ್ಲಿ ಕೇಳಿಕೊಂಡಿದ್ದೇನೆ. ಎಷ್ಟು ಜನರಿಗೆ ಬೇಕು ಎಂದು ಅವರು ಕೇಳಿದಾಗ ಮೊದಲು ಕೈ ಎತ್ತುವವನು ನಾನೇ.