ಮೊದಲು ರೊಟ್ಟಿ, ಆಮೇಲೆ ಮಾತು

ಇವತ್ತಿನ ಧ್ಯಾನಕ್ಕೆ 1 ಅರಸುಗಳು 19ನೇ ಅಧ್ಯಾಯ ತೆಗೆಯಿರಿ. ಅದಕ್ಕೆ ಮುಂಚೆ ನನ್ನದೊಂದು ಸಾಕ್ಷಿ.

ಇಂಜಿನಿಯರಿಂಗ್ ಓದುವಾಗ ನಾನು ಮೂಡುಬಿದಿರೆ ಹತ್ತಿರದ ತೋಡಾರಿನಲ್ಲಿ ಬಾಡಿಗೆ ರೂಮಿನಲ್ಲಿದ್ದೆ. ಎರಡನೇ ವರ್ಷ ಮೂರು ಸಬ್ಜೆಕ್ಟ್ ಹೋಯ್ತು. ಅಮ್ಮ ಗೇರುಬೀಜದ ಫ್ಯಾಕ್ಟರಿಯಲ್ಲಿ ದುಡಿದು ಫೀಸು ಕಟ್ಟಿದವರು. ಸಿಪ್ಪೆಯ ಎಣ್ಣೆಗೆ ಅವರ ಬೆರಳೆಲ್ಲ ಕಪ್ಪಾಗಿತ್ತು. ಅವರಿಗೆ ಹೇಗೆ ಹೇಳುವುದು? ಹೇಳಲಿಲ್ಲ. ಭಾನುವಾರ ಸಭೆಯಲ್ಲಿ ಎಲ್ಲರಿಗಿಂತ ಜೋರಾಗಿ ಸ್ತುತಿಸುತ್ತಿದ್ದೆ. ರಾತ್ರಿ ಮಾತ್ರ ಹೈವೇಯ ಲಾರಿಗಳ ಸದ್ದು ಕೇಳುತ್ತಾ ನಿದ್ದೆಯಿಲ್ಲದೆ ಬಿದ್ದಿರುತ್ತಿದ್ದೆ. ಒಂದು ರಾತ್ರಿ, ಬೆಳಗಾಗುವುದೇ ಬೇಡ ಎಂದು ಪ್ರಾರ್ಥಿಸಿದೆ.

ಈಗ ಎಲೀಯನನ್ನು ನೋಡಿ. ಕರ್ಮೆಲ್ ಬೆಟ್ಟದಲ್ಲಿ ಅವನ ಪ್ರಾರ್ಥನೆಗೆ ಆಕಾಶದಿಂದ ಬೆಂಕಿ ಬಿತ್ತು. ಅಂಥವನು ಈಜೆಬೆಲಳ ಒಂದು ಬೆದರಿಕೆಗೆ ಓಡಿಹೋದ. ಸೇವಕನನ್ನು ಬೇರ್ಷೆಬದಲ್ಲಿ ಬಿಟ್ಟು, ಒಬ್ಬನೇ ಅರಣ್ಯಕ್ಕೆ ಹೋಗಿ, ಒಂದು ಗಿಡದ ಕೆಳಗೆ ಕೂತು ಸಾವು ಕೇಳಿದ. ದೇವರು ಬೈದರಾ? ನಿನ್ನ ವಿಶ್ವಾಸ ಎಲ್ಲಿ ಅಂದರಾ? ಇಲ್ಲ. ಮಲಗಲು ಬಿಟ್ಟರು. ದೂತನ ಕೈಯಲ್ಲಿ ರೊಟ್ಟಿ, ನೀರು ಕೊಟ್ಟರು. ಮತ್ತೆ ಮಲಗಿದ, ಮತ್ತೆ ಎಬ್ಬಿಸಿ ತಿನ್ನಿಸಿದರು. ಆ ಬಲದಿಂದ 40 ದಿನ ನಡೆದು ಹೋರೇಬಿಗೆ ತಲುಪಿದ ಮೇಲೆಯೇ ಮಾತುಕತೆ!

ನಾವು ಪೆಂತೆಕೋಸ್ತಿನವರು, ಬೆಂಕಿ ಬೇಕು ಅಂತ ಕೇಳುವವರು. ಕೇಳಬೇಕು. ಆದರೆ ಹೋರೇಬಿನಲ್ಲಿ ಕರ್ತನು ಗಾಳಿಯಲ್ಲಿ, ಭೂಕಂಪದಲ್ಲಿ, ಬೆಂಕಿಯಲ್ಲಿ ಇರಲಿಲ್ಲ. ಆಮೇಲೆ ಬಂದದ್ದು ಒಂದು ಮೆಲ್ಲನೆಯ ಸ್ವರ. ನಾನೊಬ್ಬನೇ ಉಳಿದೆ ಅಂದವನಿಗೆ ದೇವರು ಇನ್ನೂ 7000 ಜನರ ಲೆಕ್ಕ ಕೊಟ್ಟರು, ಜೊತೆಗೆ ಎಲೀಷನನ್ನೂ ತೋರಿಸಿದರು.

ನನ್ನ ಹತ್ತಿರ ಬಂದ ದೂತ ಯಾರು ಗೊತ್ತಾ? ನನ್ನ ರೂಮ್‌ಮೇಟ್. ಸಭೆಗೆ ಬರುವವನಲ್ಲ. ಎರಡು ದಿನದಿಂದ ನಾನು ಉಂಡಿಲ್ಲ ಅಂತ ಗಮನಿಸಿ, ಗಂಜಿ, ಉಪ್ಪಿನಕಾಯಿ ತಂದಿಟ್ಟ. "ಮೊದ್ಲು ಉಣ್ಣು ಮಾರಾಯ, ಆಮೇಲೆ ಮಾತಾಡುವಾ" ಅಂದ. ಉಂಡೆ, ಮಲಗಿದೆ. ಬೆಳಿಗ್ಗೆ ಎಲ್ಲ ಹೇಳಿದೆ. ಅವನು ಪಕ್ಕದಲ್ಲಿ ಕೂತಿದ್ದಾಗಲೇ ಅಮ್ಮನಿಗೆ ಫೋನ್ ಮಾಡಿದೆ. ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ತುಳುವಿನಲ್ಲಿ ಕೇಳಿದ್ದು ಒಂದೇ: "ವಣಸ್ ಆಂಡಾ ಮಗಾ?" ಊಟ ಆಯ್ತಾ ಅಂತ.

ಸಬ್ಜೆಕ್ಟ್‌ಗಳು ಹಾಗೇ ಇದ್ದವು. ಒಂದನ್ನು ಪಾಸು ಮಾಡಲು ಮತ್ತೆರಡು ಸಲ ಬರೆಯಬೇಕಾಯ್ತು. ಆದರೆ ಆ ರಾತ್ರಿ ನಿದ್ದೆ ಬಂತು. ಸಮಾಧಾನ ಅಂದರೆ ಕಷ್ಟ ಮಾಯವಾಗುವುದಲ್ಲ ಪ್ರಿಯರೇ. ಕಷ್ಟವನ್ನು ಬಚ್ಚಿಡದೆ ದೇವರ ಮುಂದೆಯೂ ಒಬ್ಬ ಮನುಷ್ಯನ ಮುಂದೆಯೂ ಇಡುವುದು.

ಶಿಫ್ಟು, ಇಎಂಐ, ಟ್ರಾಫಿಕ್ ನಡುವೆ ಬದುಕುವ ನೀವು ಈ ವಾರ ಇಷ್ಟು ಮಾಡಿ: ಹೊತ್ತಿಗೆ ಉಣ್ಣಿ. ಫೋನ್ ದೂರ ಇಟ್ಟು ಮಲಗಿ. ಬೆಳಿಗ್ಗೆ ಹತ್ತು ನಿಮಿಷ ಏನೂ ಕೇಳದೆ ಕರ್ತನ ಮುಂದೆ ಸುಮ್ಮನೆ ಕೂತುಕೊಳ್ಳಿ. ಬಚ್ಚಿಟ್ಟ ಒಂದು ವಿಷಯವನ್ನು ನಂಬುವ ಒಬ್ಬರಿಗೆ ಹೇಳಿ. ಎಲೀಯನ ಹಾಗೆ ಸಾವಿನ ಯೋಚನೆ ಬರುತ್ತಿದ್ದರೆ ಇವತ್ತೇ ಹೇಳಿ. ಸರ್ಕಾರದ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆಮಾಡಬಹುದು. ಡಾಕ್ಟರ ಹತ್ತಿರ ಹೋಗುವುದು ಅವಿಶ್ವಾಸವಲ್ಲ. ದೇವರು ರೊಟ್ಟಿಯನ್ನು ಯಾರ ಕೈಯಲ್ಲಾದರೂ ಕಳಿಸುತ್ತಾರೆ.

ಪ್ರಾರ್ಥಿಸೋಣ. ಕರ್ತನೇ, ದಣಿದ ನಿನ್ನ ಮಕ್ಕಳನ್ನು ಮುಟ್ಟು. ಇವತ್ತಿನ ರೊಟ್ಟಿ, ಇವತ್ತಿನ ಬಲ ಕೊಡು. ಯೇಸುವಿನ ನಾಮದಲ್ಲಿ, ಆಮೆನ್.