ಮನೆಯ ಗೋರಂಟಿ: ಕೈಗೆ ಕೆಂಪು, ಮೈಗೆ ಕ್ಷೇಮ



ಮಧುಗಿರಿ ಉಪವಿಭಾಗಕ್ಕೆ ಸೇರಿದ ಮಧುಗಿರಿ, ಶಿರಾ, ಕೊರಟಗೆರೆ ಹಾಗೂ ಪಾವಗಡ ತಾಲ್ಲೂಕುಗಳಲ್ಲಿ ಮದುವೆ, ಸೀಮಂತ, ಗೌರಿ ಹಬ್ಬ, ರಂಜಾನ್ ಬಂದಿತೆಂದರೆ ಹೆಣ್ಣುಮಕ್ಕಳ ಅಂಗೈ ಕೆಂಪಾಗಲೇಬೇಕು. ಪಾವಗಡದ ಕಡೆಯ ತೆಲುಗು ಮನೆಮಾತಿನವರು ಇದನ್ನು ಗೋರಿಂಟಾಕು ಎಂದು ಕರೆದು ಆಷಾಢ ಮಾಸದಲ್ಲಿ ಹಚ್ಚಿಕೊಳ್ಳುತ್ತಾರೆ. ಶಿರಾದ ಮುಸಲ್ಮಾನ ಕುಟುಂಬಗಳಲ್ಲಿ ಇದು ಮೆಹಂದಿ. ಕರಾವಳಿಯವರಿಗೆ ಮದರಂಗಿ. ಹೆಸರು ಯಾವುದಾದರೂ ಇರಲಿ, ಸೊಪ್ಪು ಒಂದೇ, ಸಂತೋಷವೂ ಒಂದೇ.

ಕೈಗೆ ಬಣ್ಣ ಹಚ್ಚುವ ವಿಷಯದಲ್ಲಿ ವೈದ್ಯರಿಗೇನು ಕೆಲಸವೆಂದು ನೀವು ಕೇಳಬಹುದು. ಕೆಲಸ ಉಂಟು. ಹಿತ್ತಲಿನ ಸೊಪ್ಪನ್ನು ಅರೆದು ಹಚ್ಚುತ್ತಿದ್ದ ಕಾಲದಲ್ಲಿ ಇದರಿಂದ ಕೆಡುಕಾಗುತ್ತಿದ್ದುದು ವಿರಳ. ಈಗ ಜಾತ್ರೆಯಲ್ಲಿಯೂ ಸಂತೆಯಲ್ಲಿಯೂ ಅಂಗಡಿಯಲ್ಲಿಯೂ ಕೋನ್‌ಗಳು ದೊರೆಯುತ್ತವೆ. ಅವುಗಳಲ್ಲಿ ಕೆಲವು ಚರ್ಮವನ್ನು ಸುಡುತ್ತವೆ. ಅಲ್ಲದೆ, ಗರ್ಭಿಣಿಯ ಕೈಯ ಕೆಂಪು ಆಕೆಯ ಮೈಯ ರಕ್ತಹೀನತೆಯನ್ನು ಮರೆಮಾಡುವ ಸಂದರ್ಭಗಳೂ ಇವೆ. ಆದಕಾರಣ ಗೋರಂಟಿಯನ್ನು ಮನೆಯಲ್ಲಿಯೇ ಕ್ಷೇಮವಾಗಿ ಸಿದ್ಧಪಡಿಸುವ ಕ್ರಮವನ್ನೂ ವಹಿಸತಕ್ಕ ಎಚ್ಚರಿಕೆಗಳನ್ನೂ ಈ ಪಾಠದಲ್ಲಿ ತಿಳಿಯೋಣ.

ಗಿಡದ ಪರಿಚಯ

ಗೋರಂಟಿಯ ಶಾಸ್ತ್ರೀಯ ನಾಮ ಲಾಸೋನಿಯಾ ಇನರ್ಮಿಸ್. ಇದು ಬಿಸಿಲನ್ನೂ ಬರವನ್ನೂ ತಾಳಿಕೊಳ್ಳುವ ಪೊದೆಗಿಡ. ರಾಜಸ್ಥಾನದ ಪಾಲಿ ಜಿಲ್ಲೆಯ ಸೋಜತ್ ಸುತ್ತಮುತ್ತಲಿನ ಒಣಭೂಮಿಯಲ್ಲಿ ಇದನ್ನು ಬೆಳೆಯಾಗಿಯೇ ಬೆಳೆಯುತ್ತಾರೆ. ಮಳೆ ಕಡಿಮೆಯಾದ ನಮ್ಮ ನಾಲ್ಕು ತಾಲ್ಲೂಕುಗಳ ಹವೆಯೂ ಇದಕ್ಕೆ ಒಗ್ಗುತ್ತದೆ. ಮಳೆಗಾಲದಲ್ಲಿ ಬಲಿತ ಕಡ್ಡಿಯೊಂದನ್ನು ತಂದು ಬಚ್ಚಲ ನೀರು ಹರಿಯುವೆಡೆ ನೆಟ್ಟರೆ ಚಿಗುರುತ್ತದೆ. ಬೇಲಿಗೂ ಆಗುತ್ತದೆ, ಹಬ್ಬಕ್ಕೂ ಒದಗುತ್ತದೆ. ಹೂವಿಗಾಗಿ ಬೆಳೆಸುವ ಮುಳ್ಳುಗೋರಂಟಿ ಬೇರೆಯೇ ಗಿಡ. ಅದರ ಎಲೆಯನ್ನು ಅರೆದರೆ ಕೈ ಕೆಂಪಾಗದು.

ಬಣ್ಣ ಹಿಡಿಯುವುದು ಹೇಗೆ?

ಗೋರಂಟಿ ಎಲೆಯಲ್ಲಿ ಲಾಸೋನ್ ಎಂಬ ವರ್ಣದ್ರವ್ಯವಿದೆ. ಎಲೆಯನ್ನು ಅರೆದು ತೇವವಾಗಿ ಚರ್ಮದ ಮೇಲಿಟ್ಟಾಗ ಈ ದ್ರವ್ಯವು ಚರ್ಮದ ಹೊರಪದರಕ್ಕೆ ಇಳಿದು ಅಲ್ಲಿರುವ ಕೆರಾಟಿನ್ ಎಂಬ ಸಸಾರಜನಕದೊಡನೆ ಅಂಟಿಕೊಳ್ಳುತ್ತದೆ. ಹೊರಪದರವು ದಿನದಿನವೂ ಸವೆದು ಉದುರುವುದರಿಂದ ಒಂದರಿಂದ ಮೂರು ವಾರಗಳಲ್ಲಿ ಬಣ್ಣವು ಮಾಸುತ್ತದೆ. ಉಗುರಿಗೆ ಹಿಡಿದ ಬಣ್ಣ ಮಾತ್ರ ಉಗುರು ಬೆಳೆದು ಕತ್ತರಿಸಿಹೋಗುವವರೆಗೆ, ಅಂದರೆ ಹಲವು ತಿಂಗಳು, ಉಳಿಯುತ್ತದೆ.

ಅಂಗೈ, ಅಂಗಾಲುಗಳ ಚರ್ಮ ದಪ್ಪವಾದ್ದರಿಂದ ಅಲ್ಲಿ ಬಣ್ಣ ಗಾಢ. ಮುಂಗೈಯ ಚರ್ಮ ತೆಳುವಾದ್ದರಿಂದ ಅಲ್ಲಿ ತಿಳಿ. ಎಲೆಯ ಬಲಿತ, ಇಟ್ಟ ಅವಧಿ, ಮೈಯ ಬಿಸುಪು ಇವೆಲ್ಲವೂ ಬಣ್ಣವನ್ನು ನಿರ್ಧರಿಸುತ್ತವೆ. ಕೈ ಕೆಂಪಾದರೆ ಗಂಡನ ಪ್ರೀತಿ ಹೆಚ್ಚು, ಕೆಂಪಾಗದಿದ್ದರೆ ಕಡಿಮೆ ಎಂಬ ಮಾತು ನಮ್ಮಲ್ಲಿ ರೂಢಿಯಲ್ಲಿದೆ. ಅದು ಹಬ್ಬದ ಮನೆಯ ಹಾಸ್ಯವಾಗಿರುವವರೆಗೆ ಚೆನ್ನ. ಬಣ್ಣ ಬಾರದ ಕೈಯನ್ನು ಕಂಡು ಸೊಸೆಯನ್ನು ನೋಯಿಸುವುದಾಗಲಿ, ಅದನ್ನು ಅಪಶಕುನವೆಂದು ತಿಳಿಯುವುದಾಗಲಿ ಸಲ್ಲದು. ಕೊರತೆ ಇರುವುದು ಎಲೆಯಲ್ಲಿ ಅಥವಾ ಇಟ್ಟ ಸಮಯದಲ್ಲಿ.

ಮನೆಯಲ್ಲಿ ಸಿದ್ಧಪಡಿಸುವ ಕ್ರಮ

ಹಸಿ ಸೊಪ್ಪಿನಿಂದ: ಎರಡು ಕೈಗಳಿಗೆ ಸುಮಾರು ಎರಡು ಹಿಡಿ ಎಲೆ ಸಾಕು. ಧೂಳು ಹೋಗುವಂತೆ ತೊಳೆದು, ಶುಚಿಯಾದ ಒರಳುಕಲ್ಲಿನಲ್ಲಿ ಚೂರು ಹುಣಸೆಹಣ್ಣು ಅಥವಾ ನಿಂಬೆರಸ ಸೇರಿಸಿ ಬೆಣ್ಣೆಯಂತೆ ನುಣ್ಣಗೆ ಅರೆಯಿರಿ. ಅರೆದ ಕೂಡಲೇ ಹಚ್ಚಬಹುದು. ಖಾರ ರುಬ್ಬಿದ ಕಲ್ಲಾದರೆ ಮೊದಲು ಚೆನ್ನಾಗಿ ಉಜ್ಜಿ ತೊಳೆಯಿರಿ, ಇಲ್ಲವಾದರೆ ಕೈ ಉರಿಯುತ್ತದೆ.

ಪುಡಿಯಿಂದ: ಎಲೆಯನ್ನು ನೆರಳಿನಲ್ಲಿ ಒಣಗಿಸಿ, ಕುಟ್ಟಿ, ತೆಳುಬಟ್ಟೆಯಲ್ಲಿ ಶೋಧಿಸಿ ಇಟ್ಟುಕೊಳ್ಳಬಹುದು. ಹಚ್ಚುವ ಹಿಂದಿನ ರಾತ್ರಿ ನಿಂಬೆರಸ ಹಾಗೂ ಕಾಯಿಸಿ ಆರಿಸಿದ ನೀರಿನಲ್ಲಿ ದೋಸೆಹಿಟ್ಟಿನ ಹದಕ್ಕೆ ಕಲಸಿ ಮುಚ್ಚಿಡಿ. ಹುಳಿಯಿಂದ ಎಲೆಯ ಬಣ್ಣ ಮೆಲ್ಲಮೆಲ್ಲನೆ ಹೊರಬರುತ್ತದೆ. ಸ್ವಲ್ಪ ಸಕ್ಕರೆ ಸೇರಿಸಿದರೆ ಒಣಗಿದ ಮೇಲೆ ಬೇಗ ಉದುರುವುದಿಲ್ಲ. ಚಹದ ಡಿಕಾಕ್ಷನ್ ಹಾಕುವ ಪದ್ಧತಿಯೂ ಉಂಟು, ಅದರಿಂದ ತೊಂದರೆಯಿಲ್ಲ.

ಹಚ್ಚುವ ವಿಧಾನ: ಕೈಕಾಲುಗಳನ್ನು ಸಾಬೂನಿನಿಂದ ತೊಳೆದು ಒರೆಸಿಕೊಳ್ಳಿ. ಬೆರಳ ತುದಿಗೆ ಕುಪ್ಪಸದಂತೆ ಮೆತ್ತಿ ಅಂಗೈ ನಡುವೆ ಚಂದ್ರನಂತೆ ಬೊಟ್ಟಿಡುವುದು ಹಳೆಯ ಕ್ರಮ. ಬಳ್ಳಿ, ಹೂವು ಬರೆಯಬೇಕಾದರೆ ತೊಳೆದ ಹಂಚಿಕಡ್ಡಿ ಸಾಕು. ಶುಚಿಯಾದ ಪ್ಲಾಸ್ಟಿಕ್ ಹಾಳೆಯನ್ನು ಸುರುಳಿ ಸುತ್ತಿ ಮನೆಯಲ್ಲಿಯೇ ಕೋನ್ ಮಾಡಿಕೊಳ್ಳಬಹುದು. ಒಣಗುತ್ತ ಬಂದಾಗ ನಿಂಬೆರಸ, ಸಕ್ಕರೆ ಬೆರೆಸಿದ ನೀರನ್ನು ಹತ್ತಿಯಿಂದ ಒತ್ತಿ. ನಾಲ್ಕರಿಂದ ಆರು ಗಂಟೆ ಬಿಟ್ಟು, ನೀರು ಸೋಕಿಸದೆ ಉದುರಿಸಿ. ಮೊದಲು ಕಿತ್ತಳೆಯಂತೆ ಕಾಣುವ ಬಣ್ಣ ಒಂದೆರಡು ದಿನಗಳಲ್ಲಿ ಗಾಳಿ ತಾಗಿ ಕೆಂಗಂದಾಗುತ್ತದೆ. ಅವಸರಪಡಬಾರದು. ಬಣ್ಣ ಹೆಚ್ಚಲೆಂದು ಸುಣ್ಣ, ಸೀಮೆಎಣ್ಣೆ, ಪೆಟ್ರೋಲ್ ಇವುಗಳನ್ನು ಬೆರೆಸಲೇಬಾರದು. ಇವು ಚರ್ಮವನ್ನು ಸುಡುತ್ತವೆ.

ಕಪ್ಪು ಬಣ್ಣದ ಅಪಾಯ

ಗೋರಂಟಿ ಎಲೆಯಿಂದ ಕಿತ್ತಳೆ, ಕೆಂಪು, ಕೆಂಗಂದು ಬಣ್ಣ ಬರುತ್ತದೆಯೇ ಹೊರತು ಮಸಿಯಂತಹ ಕಪ್ಪು ಬಾರದು. ಅರ್ಧ ಗಂಟೆಯಲ್ಲಿ ಕೈಯನ್ನು ಕಪ್ಪಾಗಿಸುವ ಲೇಪದಲ್ಲಿ ಸಾಮಾನ್ಯವಾಗಿ ಪ್ಯಾರಾಫಿನಿಲೀನ್ ಡಯಮೀನ್ ಎಂಬ ರಾಸಾಯನಿಕವಿರುತ್ತದೆ. ಕೂದಲು ಕಪ್ಪಾಗಿಸುವ ಅನೇಕ ಬಣ್ಣಗಳಲ್ಲಿರುವುದೂ ಇದೇ. ಕೆಲವು ಮನೆಗಳಲ್ಲಿ ಗೋರಂಟಿಗೆ ಕೂದಲಿನ ಬಣ್ಣದ ಪುಡಿಯನ್ನು ತಾವಾಗಿಯೇ ಬೆರೆಸುವುದುಂಟು. ಇದು ತಿಳಿಯದೆ ಮಾಡುವ ದೊಡ್ಡ ತಪ್ಪು.

ಈ ರಾಸಾಯನಿಕ ಮೈಗೆ ಒಗ್ಗದಿದ್ದರೆ ಮೊದಲ ಸಲ ಹಚ್ಚಿದ ಹಲವು ದಿನಗಳ ನಂತರ ತುರಿಕೆ, ಕೆಂಪು, ಬಾವು, ನೀರುಗುಳ್ಳೆಗಳು ಚಿತ್ತಾರದ ಗೆರೆಯನ್ನೇ ಅನುಸರಿಸಿ ಏಳುತ್ತವೆ. ಗುಳ್ಳೆ ಮಾಯ್ದರೂ ಕಲೆ ಬಹುಕಾಲ ಉಳಿಯಬಹುದು. ಇನ್ನೂ ಮುಖ್ಯವಾದ ಸಂಗತಿಯೆಂದರೆ, ಒಮ್ಮೆ ಕೆರಳಿದ ಮೈ ಅದನ್ನು ಸಾಮಾನ್ಯವಾಗಿ ಜೀವಮಾನವಿಡೀ ಮರೆಯದು. ಅಂಥವರು ಮುಂದೆ ಕೂದಲಿಗೆ ಬಣ್ಣ ಹಚ್ಚಿದರೆ ಮುಖ, ಕಣ್ಣುರೆಪ್ಪೆಗಳು ಬಾತುಕೊಳ್ಳಬಹುದು.

ಕೋನ್ ಕೊಳ್ಳಲೇಬೇಕಾದರೆ ಹೀಗೆ ಪರೀಕ್ಷಿಸಿ. ಅದರ ಮೇಲೆ ಒಳಗಿರುವ ವಸ್ತುಗಳ ಪಟ್ಟಿ, ತಯಾರಿಸಿದ ದಿನಾಂಕ ಇದೆಯೇ? ಎಲೆಯ ವಾಸನೆ ಇದೆಯೇ, ಅಥವಾ ಔಷಧಿಯಂತಹ ಘಾಟೇ? ಅಪ್ಪಟ ಸೊಪ್ಪಿನ ಲೇಪವು ಹೊರಗಿಟ್ಟರೆ ಕೆಲವೇ ದಿನಗಳಲ್ಲಿ ಕೆಡುತ್ತದೆ. ತಿಂಗಳುಗಟ್ಟಲೆ ಅಂಗಡಿಯಲ್ಲಿ ತೂಗಿದರೂ ಕೆಡದ ಕೋನ್‌ನಲ್ಲಿ ಬೇರೇನೋ ಇದೆಯೆಂದೇ ತಿಳಿಯಬೇಕು.

ಗುಳ್ಳೆ ಎದ್ದರೆ ಸಾಬೂನು ಹಾಗೂ ಧಾರಾಳ ನೀರಿನಿಂದ ತೊಳೆಯಿರಿ. ತುರಿಸಬೇಡಿ, ಗುಳ್ಳೆ ಒಡೆಯಬೇಡಿ, ಬೂದಿ, ಸುಣ್ಣ ಹಚ್ಚಬೇಡಿ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬನ್ನಿ. ಮುಖ, ತುಟಿ ಬಾತು ಉಸಿರಾಟ ಕಷ್ಟವಾದರೆ ತಡಮಾಡದೆ 108ಕ್ಕೆ ಕರೆ ಮಾಡಿ. ಕೂದಲಿನ ಬಣ್ಣವು ಹೊಟ್ಟೆಗೆ ಹೋದರೆ ಗಂಟಲು ಬಾತು ಉಸಿರು ಕಟ್ಟುತ್ತದೆ, ಮೂತ್ರಪಿಂಡಗಳು ಕೆಡುತ್ತವೆ. ಅದನ್ನು ಮನೆಯಲ್ಲಿ ಇಡಲೇಬೇಕಾದರೆ ಮಕ್ಕಳ ಕೈಗೆ ಸಿಗದಂತೆ ಬೀಗದೊಳಗಿಡಿ.

ಸೀಮಂತದ ಗೋರಂಟಿ ಮತ್ತು ಗರ್ಭಿಣಿಯ ಉಗುರು

ಅಪ್ಪಟ ಸೊಪ್ಪಿನ ಗೋರಂಟಿಯನ್ನು ಗರ್ಭಿಣಿ ಕೈಗೆ ಹಚ್ಚಿಕೊಳ್ಳಲು ಸಾಮಾನ್ಯವಾಗಿ ಅಡ್ಡಿಯಿಲ್ಲ. ಆದರೆ ಒಂದು ಮಾತನ್ನು ಗಮನಿಸಬೇಕು. ಇದನ್ನು ಒಂದು ನಿದರ್ಶನದಿಂದ ತಿಳಿಸುತ್ತೇನೆ.

ಏಳು ತಿಂಗಳ ಗರ್ಭಿಣಿಯೊಬ್ಬರು ಸೀಮಂತ ಮುಗಿಸಿಕೊಂಡು ಪತಿಯೊಡನೆ ತಪಾಸಣೆಗೆ ಬಂದರು. ನಾಲ್ಕು ಹೆಜ್ಜೆ ನಡೆದರೆ ಏದುಸಿರು, ಸದಾ ಸುಸ್ತು. ಬಸುರಿಗೆ ಇದೆಲ್ಲ ಸಹಜವೆಂದು ಮನೆಯ ಹಿರಿಯರು ಹೇಳಿದ್ದರಂತೆ. ಉಗುರು ನೋಡಲು ಕೈ ಚಾಚಿರೆಂದಾಗ ಪತಿ ನಗುತ್ತ, "ಕೈ ನೋಡಿ ಡಾಕ್ಟರೇ, ಎಷ್ಟು ಕೆಂಪಗಿದೆ, ರಕ್ತಕ್ಕೇನು ಕೊರತೆ?" ಎಂದರು. ಹತ್ತು ಉಗುರುಗಳೂ ಗೋರಂಟಿಯಿಂದ ಕೆಂಪಾಗಿದ್ದವು. ಕೆಳರೆಪ್ಪೆಯನ್ನು ಎಳೆದು ನೋಡಿದರೆ ಒಳಭಾಗ ಕಾಗದದಂತೆ ಬಿಳಿ. ಪರೀಕ್ಷಿಸಿದಾಗ ಹಿಮೊಗ್ಲೋಬಿನ್ ಆರೂವರೆ ಗ್ರಾಂ ಮಾತ್ರ. ಕೂಡಲೇ ದೊಡ್ಡ ಆಸ್ಪತ್ರೆಗೆ ಕಳುಹಿಸಿ ಚಿಕಿತ್ಸೆ ಕೊಡಿಸಿದ್ದರಿಂದ ತಾಯಿಯೂ ಮಗುವೂ ಉಳಿದರು. ಅಂದು ನಗುತ್ತಿದ್ದ ಆ ಪತಿಯೇ ಮುಂದೆ ಪ್ರತಿದಿನವೂ ಮಾತ್ರೆಯನ್ನು ತಾನೇ ಕೈಗಿತ್ತು ನುಂಗಿಸುತ್ತಿದ್ದರು.

ಗರ್ಭಿಣಿಯಲ್ಲಿ ಹಿಮೊಗ್ಲೋಬಿನ್ 11 ಗ್ರಾಂಗಿಂತ ಕಡಿಮೆಯಾದರೆ ರಕ್ತಹೀನತೆ, 7 ಗ್ರಾಂಗಿಂತ ಕಡಿಮೆಯಾದರೆ ತೀವ್ರ ರಕ್ತಹೀನತೆ. ಅಂಥವರಿಗೆ ಹೆರಿಗೆಯಲ್ಲಿ ಸ್ವಲ್ಪ ರಕ್ತ ಹೋದರೂ ಜೀವಕ್ಕೆ ಅಪಾಯ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ರಾಜ್ಯದ 15ರಿಂದ 49 ವರ್ಷದ ಸ್ತ್ರೀಯರಲ್ಲಿ ಅರ್ಧದ ಸಮೀಪದಷ್ಟು ಮಂದಿಗೆ ರಕ್ತಹೀನತೆಯಿದೆ. ಆದ್ದರಿಂದ ಇದು ಪರರ ಮನೆಯ ಮಾತಲ್ಲ.

ಆರೋಗ್ಯ ಸಹಾಯಕಿಯರು ಉಗುರಿನ ಬಣ್ಣ ನೋಡಿ ರಕ್ತದ ಕೊರತೆಯನ್ನು ಊಹಿಸುತ್ತಾರೆ. ಹೆರಿಗೆಯ ಸಮಯದಲ್ಲಿ ಆಮ್ಲಜನಕ ಅಳೆಯಲು ಬೆರಳ ತುದಿಗೆ ಸಿಕ್ಕಿಸುವ ಸಾಧನವಿದೆ. ದಟ್ಟ ಬಣ್ಣವಿದ್ದರೆ ಅದರ ಲೆಕ್ಕವೂ ಕೆಲವೊಮ್ಮೆ ತಪ್ಪಬಹುದು. ಆದಕಾರಣ ಗರ್ಭಿಣಿಗೆ ಗೋರಂಟಿ ಇಡುವಾಗ ಪ್ರತಿಯೊಂದು ಕೈಯಲ್ಲಿಯೂ ಒಂದು ಬೆರಳಿನ ತುದಿಯನ್ನೂ ಉಗುರನ್ನೂ ಬಣ್ಣವಿಲ್ಲದೆ ಬಿಡಿ. ಅಂಗೈಯ ಅಂದಕ್ಕೆ ಇದರಿಂದ ಕುಂದಿಲ್ಲ. ಉಗುರು ನೋಡಿದ ಮಾತ್ರಕ್ಕೆ ತೃಪ್ತರಾಗದೆ, ರಕ್ತಪರೀಕ್ಷೆ ಮಾಡಿಸಿ ಅದರ ಅಂಕಿಯನ್ನು ತಾಯಿ ಕಾರ್ಡಿನಲ್ಲಿ ಬರೆಯಿಸಿಕೊಳ್ಳಿ.

ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ ಕಬ್ಬಿಣಾಂಶದ ಮಾತ್ರೆಯನ್ನು ನುಂಗಬೇಕು. ಇದು ಆರೋಗ್ಯ ಕೇಂದ್ರದಲ್ಲಿ ಉಚಿತ. ಮಲ ಕಪ್ಪಾದರೆ ಹೆದರಬೇಕಾಗಿಲ್ಲ. ಮಾತ್ರೆಯ ಜೊತೆಗೆ ಚಹ, ಕಾಫಿ ಬೇಡ. ಅವು ಕಬ್ಬಿಣಾಂಶ ರಕ್ತಗತವಾಗಲು ಅಡ್ಡಿಮಾಡುತ್ತವೆ. ರಾಗಿಮುದ್ದೆಯೊಡನೆ ನುಗ್ಗೆಸೊಪ್ಪು, ದಂಟಿನಸೊಪ್ಪು, ಹುರುಳಿ, ಅವರೆಕಾಳು, ಬಳಸುವವರು ಮೊಟ್ಟೆ, ಮಾಂಸ ಉಣ್ಣಬೇಕು. ಗೋರಂಟಿಗೆ ಹಿಂಡಿದ ನಿಂಬೆಯ ಉಳಿದರ್ಧವನ್ನು ಊಟಕ್ಕೆ ಹಿಂಡಿಕೊಳ್ಳಿ. ಅದರ ಸಿ ಜೀವಸತ್ವವು ಕಬ್ಬಿಣಾಂಶವನ್ನು ಹೀರಿಕೊಳ್ಳಲು ನೆರವಾಗುತ್ತದೆ. ಮೊದಲರ್ಧ ಕೈಗೆ ಬಣ್ಣ ತಂದರೆ ಎರಡನೆಯರ್ಧ ರಕ್ತಕ್ಕೆ ಬಣ್ಣ ತರುತ್ತದೆ.

ಯಾರಿಗೆ ಬೇಡ? ಎಲ್ಲಿ ಬೇಡ?

ಎಳೆಯ ಶಿಶುಗಳಿಗೂ ಚಿಕ್ಕ ಮಕ್ಕಳಿಗೂ ಗೋರಂಟಿ ಬೇಡ. ಕೆಲವು ಮಕ್ಕಳ, ಹೆಚ್ಚಾಗಿ ಗಂಡುಮಕ್ಕಳ, ರಕ್ತಕಣಗಳಲ್ಲಿ ಜಿ-ಸಿಕ್ಸ್-ಪಿ-ಡಿ ಎಂಬ ಕಿಣ್ವವು ಹುಟ್ಟಿನಿಂದಲೇ ಕಡಿಮೆಯಿರುತ್ತದೆ. ಅಂಥ ಮಗುವಿಗೆ ಗೋರಂಟಿ ಹಚ್ಚಿದರೆ ರಕ್ತಕಣಗಳು ಒಡೆದು ಮಗು ಬಿಳಿಚಿಕೊಳ್ಳಬಹುದು, ಕಣ್ಣು ಹಳದಿಯಾಗಬಹುದು. ನಾಮಕರಣದ ದಿನ ಮಗುವಿನ ಅಂಗಾಲಿಗೆ ಬಣ್ಣ ಬೇಡ, ಮುತ್ತು ಸಾಕು.

ಗೋರಂಟಿ ಸೊಪ್ಪಿನ ರಸವನ್ನು ಯಾರೂ ಕುಡಿಯಬಾರದು. ಮುಟ್ಟು ನಿಂತಿತೆಂದು ಯಾರದೋ ಮಾತು ಕೇಳಿ ಯಾವುದೇ ಸೊಪ್ಪಿನ ಕಷಾಯ ಕುಡಿಯುವುದು ಪ್ರಾಣಾಪಾಯಕಾರಿ. ಬೇಡದ ಬಸುರಾದರೆ 1971ರ ವೈದ್ಯಕೀಯ ಗರ್ಭಪಾತ ಕಾಯಿದೆಯಂತೆ ಅರ್ಹ ವೈದ್ಯರ ನೆರವು ದೊರೆಯುತ್ತದೆ. ದಂಪತಿಗಳು ಸಂಕೋಚವಿಲ್ಲದೆ ಬಂದು ಕೇಳಿ. ಗುಟ್ಟನ್ನು ಗುಟ್ಟಾಗಿಯೇ ಇಡಲಾಗುವುದು.

ಗಾಯ, ಇಸುಬು ಇರುವೆಡೆ ಗೋರಂಟಿ ಬೇಡ. ಅಂಗಾಲು ಉರಿಗೆ ಗೋರಂಟಿ ಮೆತ್ತಿ ತಂಪು ಪಡೆಯುವ ರೂಢಿ ಗಂಡಸರಲ್ಲಿಯೂ ಇದೆ. ಆದರೆ ಉರಿ ಮತ್ತೆ ಮತ್ತೆ ಬಂದರೆ ಅದು ಸಕ್ಕರೆ ಕಾಯಿಲೆಯ ಲಕ್ಷಣವಾಗಿರಬಹುದು. ಗೋರಂಟಿ ಮೆತ್ತುವ ಬದಲು ರಕ್ತಪರೀಕ್ಷೆ ಮಾಡಿಸಿಕೊಳ್ಳಿ.

ಪತಿಯ ಪಾಲು

ಎರಡು ಕೈಗೂ ಗೋರಂಟಿ ಇಟ್ಟುಕೊಂಡ ಮಡದಿ ನಾಲ್ಕಾರು ಗಂಟೆ ನೀರಿನ ಬಿಂದಿಗೆಯನ್ನೂ ಎತ್ತಲಾರಳು, ತುತ್ತನ್ನೂ ಎತ್ತಲಾರಳು. ಆ ಹೊತ್ತಿನಲ್ಲಿ ಒಲೆ ಹಚ್ಚುವುದು, ಮಕ್ಕಳಿಗೆ ಉಣಿಸುವುದು, ಮಡದಿಗೂ ತುತ್ತಿಡುವುದು ಪತಿಯ ಪಾಲಿಗಿರಲಿ. ಜಾತ್ರೆಯಿಂದ ಕೋನ್ ತರುವವರೂ ಬಹುಮಟ್ಟಿಗೆ ಪತಿಯೇ. ಕಪ್ಪು ಕೋನನ್ನು ಕೊಳ್ಳದೆ ಬರುವುದೂ ಅವರ ಕೈಯಲ್ಲಿಯೇ ಇದೆ. ಪ್ರೀತಿಯು ಕೈಯ ಬಣ್ಣದಲ್ಲಿ ಕಾಣುವುದಿಲ್ಲ, ಇಂತಹ ನಡತೆಯಲ್ಲಿ ಕಾಣುತ್ತದೆ.

ನೆನಪಿಡಿ

1. ಹಿತ್ತಲ ಸೊಪ್ಪಿನ ಕೆಂಪು ನಿಧಾನ, ಆದರೆ ಕ್ಷೇಮ. ಅರ್ಧ ಗಂಟೆಯ ಕಪ್ಪು ಅಪಾಯ.
2. ಗೋರಂಟಿಗೆ ಕೂದಲಿನ ಬಣ್ಣ, ಸುಣ್ಣ, ಸೀಮೆಎಣ್ಣೆ ಬೆರೆಸಬೇಡಿ.
3. ಗರ್ಭಿಣಿಯ ಪ್ರತಿ ಕೈಯಲ್ಲೂ ಒಂದು ಉಗುರನ್ನು ಬಣ್ಣವಿಲ್ಲದೆ ಬಿಡಿ, ರಕ್ತಪರೀಕ್ಷೆ ಮಾಡಿಸಿ.
4. ಚಿಕ್ಕ ಮಕ್ಕಳಿಗೆ ಹಚ್ಚಬೇಡಿ, ಯಾರೂ ಕುಡಿಯಬೇಡಿ.
5. ತುರಿಕೆ, ಗುಳ್ಳೆ ಕಂಡರೆ ಆರೋಗ್ಯ ಕೇಂದ್ರಕ್ಕೆ, ಉಸಿರು ಕಟ್ಟಿದರೆ 108ಕ್ಕೆ.

ದಂಪತಿಗಳು ಕೂಡಿ ಚರ್ಚಿಸತಕ್ಕ ಪ್ರಶ್ನೆಗಳು

1. ಅಪ್ಪಟ ಗೋರಂಟಿ ಏಕೆ ಮಸಿಯಂತೆ ಕಪ್ಪಾಗುವುದಿಲ್ಲ?
2. ಕೈ ಕೆಂಪಾಗಿದ್ದರೂ ರಕ್ತ ಕಡಿಮೆಯಿರಬಹುದೆಂದು ಹೇಗೆ ತಿಳಿಯುವಿರಿ?
3. ನಿಮ್ಮ ಮನೆಯ ಗರ್ಭಿಣಿಯ ತಾಯಿ ಕಾರ್ಡಿನಲ್ಲಿ ಹಿಮೊಗ್ಲೋಬಿನ್ ಎಷ್ಟೆಂದು ಬರೆದಿದೆ? ಈ ದಿನವೇ ತೆಗೆದು ನೋಡಿ.