ಸಹಿಗೆ ಮೊದಲು ಪಹಣಿ ನೋಡಿ

ಪ್ರಶ್ನೆ: ಅಪ್ಪ 2001ರಲ್ಲಿ ತೀರಿಕೊಂಡರು. ಜಮೀನು ಅಜ್ಜನ ಕಾಲದ್ದು. ‘ನಿನ್ನ ಮದುವೆಗೇ ಖರ್ಚಾಗಿದೆ’ ಎಂದು ಅಣ್ಣಂದಿರು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಕೇಳುತ್ತಿದ್ದಾರೆ.

ಉತ್ತರ: ಈಗಲೇ ಸಹಿ ಹಾಕಬೇಡಿ. ಮದುವೆಯ ಖರ್ಚು ಪಾಲಿಗೆ ಬದಲಲ್ಲ, ಊರು ಏನೇ ಅನ್ನಲಿ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಂತೆ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು. ಅಪ್ಪ ಅದಕ್ಕೆ ಮೊದಲೇ ತೀರಿಕೊಂಡಿದ್ದರೂ ಅಡ್ಡಿಯಿಲ್ಲವೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ತೊಡಕಾಗುವುದು, 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಾಯಿತ ವಿಭಾಗವೋ ಮಾರಾಟವೋ ಆಗಿದ್ದರೆ. ಹಾಗಾಗಿ ಪಹಣಿ, ಮ್ಯುಟೇಶನ್ ಪ್ರತಿ, ಋಣಭಾರ ಪತ್ರ ತೆಗೆಸಿ. ಖಾತೆ ಬದಲಾವಣೆಯ ನೋಟಿಸ್ ಬಂದರೆ ಕೂಡಲೇ ಲಿಖಿತ ತಕರಾರು ಕೊಡಿ. ಮಾರಾಟದ ಸುಳಿವು ಸಿಕ್ಕರೆ ತಡಮಾಡದೆ ವಕೀಲರನ್ನು ಕಾಣಿ. ವಿಭಾಗ ದಾವೆಯ ಜೊತೆ ತಡೆಯಾಜ್ಞೆ ಕೋರಬೇಕಾಗುತ್ತದೆ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಮಹಿಳೆಯರಿಗೆ, ಆದಾಯ ಎಷ್ಟೇ ಇರಲಿ, ವಕೀಲರ ನೆರವು ಉಚಿತ.